ಗರಗಸದ ಮೇಜಿನ ರೆಕ್ಕೆಯಲ್ಲಿ ರೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೇಬಲ್ ಸಾ (ಮೇಜಿನ ನಡುವಿನಿಂದ ಬ್ಲೇಡ್ ಮೇಲೆದ್ದು ತಿರುಗುವ ಗರಗಸ) ಇಟ್ಟುಕೊಂಡವರು ಒಂದಲ್ಲ ಒಂದು ದಿನ ಅದರ ಪಕ್ಕದಲ್ಲೇ ರೂಟರನ್ನು ತಲೆಕೆಳಗಾಗಿ ತೂಗುಹಾಕುವ ಯೋಚನೆ ಮಾಡುತ್ತಾರೆ. ರೂಟರ್ ಎಂದರೆ ವೇಗವಾಗಿ ತಿರುಗುವ ಬಿಟ್‌ನಿಂದ, ಅಂದರೆ ದಂಡಕ್ಕೆ ಅಲಗು ಕೂರಿಸಿದ ತುಂಡಿನಿಂದ, ಮರದ ಅಂಚು ತಿದ್ದುವ, ತೋಡು ಕೊರೆಯುವ ಯಂತ್ರ. ಹಾಗೆ ಯೋಚಿಸಿದವರು ಪತ್ರ ಬರೆದು, ಎದುರು ಸಿಕ್ಕಾಗ ನಿಲ್ಲಿಸಿ ಕೇಳಿದ ಪ್ರಶ್ನೆಗಳಿವು. ಸುಲಭದವು ಮೊದಲು, ಕಠಿಣವಾದವು ಆಮೇಲೆ. ಓದುವ ಮುನ್ನ ಎರಡು ವಿಷಯ: ಬ್ಲೇಡಿನ ಎರಡೂ ಬದಿಗೆ ಬೋಲ್ಟ್ ಹಾಕಿ ಮೇಜನ್ನು ಅಗಲಗೊಳಿಸುವ ಭಾಗವನ್ನು ರೆಕ್ಕೆ ಎಂದು ಕರೆದಿದ್ದೇನೆ. ಮುಂದೆ, ಹಿಂದೆ, ಎಡ, ಬಲ ಎಂಬುದೆಲ್ಲ ಹಲಗೆ ಸೀಳಲು ನಿಲ್ಲುವ ಜಾಗದಿಂದ ನೋಡಿದ ಲೆಕ್ಕ.

## ತೂತು ಕೊರೆಯುವ ಮೊದಲು

ಬೇರೆ ರೂಟರ್ ಮೇಜು ಮಾಡಿಕೊಳ್ಳುವುದನ್ನು ಬಿಟ್ಟು ಗರಗಸಕ್ಕೇ ಏಕೆ ಸೇರಿಸಬೇಕು? ಲಾಭವಿದೆಯೇ?

ಜಾಗ ಕಡಿಮೆ ಇದ್ದರೆ ಖಂಡಿತ ಇದೆ. ಗರಗಸದ ಬೀಡುಕಬ್ಬಿಣದ ಮೇಜು ಸಮತಟ್ಟಾಗಿದೆ, ಭಾರವಾಗಿದೆ, ಅದುರುವುದಿಲ್ಲ. ಫೆನ್ಸ್, ಅಂದರೆ ಹಲಗೆ ಒರಗಿ ಸಾಗುವ ನೇರ ಪಟ್ಟಿ, ಈಗಾಗಲೇ ಇದೆ, ಹೊಟ್ಟು ಎಳೆಯುವ ಕೊಳವೆ ಹತ್ತಿರದಲ್ಲೇ ಇದೆ. ಇಷ್ಟೆಲ್ಲ ಇರುವಾಗ ಇನ್ನೊಂದು ಮೇಜಿಗೆ ನೆಲ ಬಿಟ್ಟುಕೊಡುವುದು ಎಲ್ಲರಿಗೂ ಸಾಧ್ಯವಿಲ್ಲ.

ಆದರೆ ಎರಡು ಯಂತ್ರಗಳು ಒಂದೇ ಮೇಜನ್ನೂ ಒಂದೇ ಫೆನ್ಸನ್ನೂ ಹಂಚಿಕೊಂಡಾಗ ಒಂದರ ಕೆಲಸ ಮುಗಿಯುವ ತನಕ ಇನ್ನೊಂದು ಕಾಯಬೇಕಾಗುತ್ತದೆ. ಅರ್ಧ ಗಂಟೆ ಕೂತು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಿದ ಫೆನ್ಸನ್ನು, ಒಂದು ಪಟ್ಟಿ ಸೀಳಬೇಕೆಂಬ ಕಾರಣಕ್ಕೆ ಸರಿಸುವಾಗ ಆಗುವ ಸಂಕಟ ದೊಡ್ಡದು. ಕಪಾಟಿನ ಬಾಗಿಲುಗಳನ್ನು ಸಾಲು ಸಾಲಾಗಿ ಮಾಡುವವರಿಗೆ ಬೇರೆ ಮೇಜೇ ಸರಿ. ವಾರಕ್ಕೊಮ್ಮೆ ಅಂಚು ಉರುಟು ಮಾಡುವವರಿಗೆ, ಆಗಾಗ ಗ್ರೂವ್ (ಉದ್ದನೆಯ ತೋಡು) ಕೊರೆಯುವವರಿಗೆ ರೆಕ್ಕೆಯ ರೂಟರ್ ಸಾಕು.

ನನ್ನದು ಹೊತ್ತೊಯ್ಯುವ ಚಿಕ್ಕ ಯಂತ್ರ. ಅದಕ್ಕೂ ಸೇರಿಸಬಹುದೇ?

ಸೇರಿಸಬಹುದು, ಆದರೆ ತೂಕದ ಲೆಕ್ಕ ಹಾಕಿ. ದೊಡ್ಡ ರೂಟರ್, ಅದನ್ನು ಹಿಡಿದು ರೆಕ್ಕೆಯ ತೂತಿನಲ್ಲಿ ಕೂರುವ ಪ್ಲೇಟ್ ಮತ್ತು ರೆಕ್ಕೆ ಸೇರಿದರೆ ಹತ್ತು ಕಿಲೋ ಸುಲಭವಾಗಿ ದಾಟುತ್ತದೆ, ಅದೂ ಒಂದೇ ಬದಿಯಲ್ಲಿ. ಮಡಚುವ ಕಾಲಿನ ಮೇಲೆ ನಿಂತ ಯಂತ್ರ ಆ ಬದಿಗೆ ವಾಲುತ್ತದೆ. ರೆಕ್ಕೆಯ ಹೊರ ಅಂಚಿಗೆ ನೆಲ ಮುಟ್ಟುವ ಕಾಲು ಕೊಡದೆ ಕೆಲಸ ಮಾಡಬೇಡಿ. ಅಲ್ಯೂಮಿನಿಯಂ ಮೇಜಿಗೆ ತೂತು ಹೊಡೆದು ಬೋಲ್ಟ್ ಹಾಕುವುದಕ್ಕಿಂತ, ಗರಗಸವನ್ನೇ ಒಂದು ದೊಡ್ಡ ಮರದ ಪೀಠದಲ್ಲಿ ಕೂರಿಸಿ, ಅದೇ ಪೀಠದ ಒಂದು ಪಕ್ಕದಲ್ಲಿ ರೂಟರಿಗೆ ಜಾಗ ಮಾಡುವುದು ಹೆಚ್ಚು ಭದ್ರ.

ಬಲ ರೆಕ್ಕೆಯೋ ಎಡ ರೆಕ್ಕೆಯೋ? ಯಾವುದು ಒಳ್ಳೆಯದು?

ಮೊದಲು ಯಂತ್ರದ ಸುತ್ತ ಒಂದು ಸುತ್ತು ನಡೆದು, ರೂಟರ್ ಕೆಲಸಕ್ಕೆ ಎಲ್ಲಿ ನಿಲ್ಲುತ್ತೀರಿ ಎಂದು ಗೊತ್ತುಮಾಡಿಕೊಳ್ಳಿ. ಹಲವರು ತೂತು ಕೊರೆದ ಮೇಲೆ ಈ ಯೋಚನೆ ಮಾಡುತ್ತಾರೆ. ನನ್ನ ಅನುಭವದಲ್ಲಿ ಇಡೀ ಜೋಡಣೆಯ ಹಣೆಬರಹ ಇದೊಂದರಿಂದಲೇ ತೀರ್ಮಾನವಾಗುತ್ತದೆ.

ಮೊದಲ ಬಗೆ: ರೂಟರ್ ಬಲ ರೆಕ್ಕೆಯಲ್ಲಿದ್ದು, ಫೆನ್ಸ್ ಬ್ಲೇಡಿಗೂ ಬಿಟ್‌ಗೂ ನಡುವೆ ನಿಲ್ಲುತ್ತದೆ. ಆಗ ನೀವು ಯಂತ್ರದ ಬಲ ತುದಿಗೆ ಬಂದು ಬ್ಲೇಡಿನ ಕಡೆ ಮುಖ ಮಾಡಿ ನಿಲ್ಲಬೇಕು. ಹಲಗೆ ಯಂತ್ರದ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಸಣ್ಣ ಪಟ್ಟಿಗಳಿಗೆ ಇದು ಹಿತ, ಏಕೆಂದರೆ ಬಿಟ್ ಕೈಗೆ ಹತ್ತಿರ. ಆದರೆ ಅಗಲವಾದ ಹಲಗೆ ಇಟ್ಟಾಗ ಅದರ ಬಹುಭಾಗ ರೆಕ್ಕೆಯಿಂದ ಹೊರಗೆ, ನಿಮ್ಮ ಹೊಟ್ಟೆಯ ಕಡೆಗೆ ಚಾಚಿಕೊಳ್ಳುತ್ತದೆ. ಅದಕ್ಕೆ ಕೆಳಗೆ ಆಸರೆ ಇರುವುದಿಲ್ಲ.

ಎರಡನೆಯ ಬಗೆ: ರೂಟರ್ ಅದೇ ಬಲ ರೆಕ್ಕೆಯಲ್ಲಿ, ಆದರೆ ಫೆನ್ಸ್ ಬಿಟ್‌ನ ಬಲಕ್ಕೆ. ಆಗ ಹಲಗೆ ಸೀಳುವಾಗಿನಂತೆಯೇ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಎಷ್ಟು ಅಗಲದ ಹಲಗೆಯಾದರೂ ಬೀಡುಕಬ್ಬಿಣದ ಮೇಜಿನ ಮೇಲೆ ಹಾಯಾಗಿ ಮಲಗುತ್ತದೆ. ಇದಕ್ಕೆ ಫೆನ್ಸ್ ಸರಿದಾಡುವ ರೈಲು ರೂಟರಿನಾಚೆಗೂ ಚಾಚಿರಬೇಕು. ಹಲಗೆ ಬ್ಲೇಡಿನ ಜಾಗದ ಮೇಲೆ ಹಾಯುವುದರಿಂದ ಬ್ಲೇಡನ್ನು ಪೂರ್ತಿ ಇಳಿಸಿ, ಅದರ ಮೇಲಿನ ಕವಚವನ್ನೂ ಹಿಂದಿನ ಸೀಳುಗತ್ತಿಯನ್ನೂ (ಸೀಳಿದ ಸಂದಿ ಮುಚ್ಚಿಕೊಳ್ಳದಂತೆ ತಡೆಯುವ ತಗಡು) ತೆಗೆಯಬೇಕು.

ಮೂರನೆಯದು ಎಡ ರೆಕ್ಕೆ. ಬಲಗಡೆ ಗೋಡೆ ಇದ್ದವರಿಗೆ ಇದೇ ದಾರಿ. ನೀವು ಎಡ ತುದಿಯಲ್ಲಿ ನಿಲ್ಲುತ್ತೀರಿ, ಫೆನ್ಸ್ ಬಿಟ್‌ಗೂ ಬ್ಲೇಡಿಗೂ ನಡುವೆ ಇರುತ್ತದೆ. ಗರಗಸದ ಫೆನ್ಸ್ ಅಷ್ಟು ಎಡಕ್ಕೆ ಸರಿಯದೇ ಇರಬಹುದು, ಆದ್ದರಿಂದ ರೂಟರಿಗೆ ಬೇರೆ ಫೆನ್ಸ್ ಬೇಕಾದೀತು. ಹಾಗೆ ಬೇರೆ ಮಾಡಿಕೊಂಡರೆ ಗರಗಸದ ಫೆನ್ಸ್ ತನ್ನ ಪಾಡಿಗೆ ಬಲಗಡೆ ಇರುತ್ತದೆ, ಅದು ದೊಡ್ಡ ಅನುಕೂಲ.

ರೈಲು ಉದ್ದವಿದ್ದರೆ ನಾನು ಎರಡನೆಯ ಬಗೆಯನ್ನೇ ಆರಿಸುತ್ತೇನೆ.

ಯಾವ ರೂಟರ್ ತೆಗೆದುಕೊಳ್ಳಲಿ? ನನ್ನಲ್ಲಿರುವ ಚಿಕ್ಕ ಟ್ರಿಮ್ಮರ್ (ಒಂದೇ ಕೈಯಲ್ಲಿ ಹಿಡಿಯುವ ರೂಟರ್) ಸಾಲದೇ?

ಅಂಚು ಸ್ವಲ್ಪ ಉರುಟು ಮಾಡಲು, ಲ್ಯಾಮಿನೇಟ್ ಕತ್ತರಿಸಲು ಟ್ರಿಮ್ಮರ್ ಸಾಕು. ಅದರಾಚೆಗಿನ ಕೆಲಸಕ್ಕೆ 1500 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಮೇಜಿನ ರೂಟರಿನಲ್ಲಿ ಇರಲೇಬೇಕಾದವು ಎರಡು: ವೇಗ ಬದಲಿಸುವ ಸೌಲಭ್ಯ, ಮತ್ತು ಅರ್ಧ ಇಂಚು ಅಥವಾ 12 ಮಿಮೀ ದಪ್ಪದ ಬಿಟ್ ದಂಡವನ್ನು ಕಚ್ಚಿ ಹಿಡಿಯುವ ಕಾಲೆಟ್. ದೊಡ್ಡ ಬಿಟ್‌ಗಳು ಸಾಮಾನ್ಯವಾಗಿ ಆ ದಪ್ಪದ ದಂಡದಲ್ಲೇ ಬರುತ್ತವೆ; ಕಾಲಿಂಚಿನ ದಂಡ ಅದೇ ಹೊರೆಗೆ ಬಾಗುತ್ತದೆ, ಅದುರುತ್ತದೆ. ಮೋಟಾರ್ ನಿಧಾನವಾಗಿ ವೇಗ ಹಿಡಿಯುವಂತಿದ್ದರೆ ಇನ್ನೂ ಒಳ್ಳೆಯದು.

ಎತ್ತರ ಹೊಂದಿಸಲು ಲಿಫ್ಟ್ ಇಲ್ಲದೆ ನಡೆಯುವುದಿಲ್ಲವೇ?

ನಡೆಯುತ್ತದೆ. ಲಿಫ್ಟ್ ಕೊಡುವುದು ಎರಡೇ: ಮೇಲಿನಿಂದ ಹಿಡಿ ತಿರುಗಿಸಿ ಎತ್ತರ ಹೊಂದಿಸುವುದು, ಮೇಲಿನಿಂದಲೇ ಬಿಟ್ ಬದಲಿಸುವುದು. ಗರಗಸದ ರೆಕ್ಕೆಯ ಕೆಳಗೆ ತಲೆ ತೂರಿಸುವುದು ಕಷ್ಟವಾದ್ದರಿಂದ ಈ ಎರಡು ಅನುಕೂಲಗಳಿಗೆ ಇಲ್ಲಿ ಬೆಲೆ ಹೆಚ್ಚು. ಆದರೆ ಕೆಲವು ರೂಟರುಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತದೆ. ಉದಾಹರಣೆಗೆ ಟ್ರೈಟನ್ ಟಿಆರ್‌ಎ001 ಮಾದರಿಯಲ್ಲಿ ಪ್ಲೇಟಿನ ತೂತಿನ ಮೂಲಕ ಹಿಡಿ ಹಾಕಿ ತಿರುಗಿಸಬಹುದು. ಪೂರ್ತಿ ಮೇಲೆ ತಂದಾಗ ಮೋಟಾರಿನ ತಿರುಗುವ ದಂಡ ಅಲುಗದಂತೆ ತಾನೇ ಬಿಗಿದುಕೊಳ್ಳುವುದರಿಂದ ಒಂದೇ ಸ್ಪ್ಯಾನರಿನಲ್ಲಿ ಬಿಟ್ ಬದಲಿಸಬಹುದು.

ಒತ್ತಿ ಇಳಿಸುವ ಮಾದರಿಯ ರೂಟರ್ ತಲೆಕೆಳಗಾದಾಗ ಅದರ ಸ್ಪ್ರಿಂಗ್ ಮೋಟಾರನ್ನು ಕೆಳಕ್ಕೆ ದೂಡುತ್ತದೆ, ಭಾರವೂ ಕೆಳಕ್ಕೇ ಎಳೆಯುತ್ತದೆ. ಎರಡನ್ನೂ ಎದುರಿಸಿ ಬಿಟ್ ಏರಿಸುವುದು ಕೈನೋವು. ತಯಾರಕರ ಕೈಪಿಡಿ ಒಪ್ಪಿದರೆ ಸ್ಪ್ರಿಂಗನ್ನು ತೆಗೆದಿಡಿ.

## ಕಟ್ಟುವ ಕೆಲಸ

ರೆಕ್ಕೆಯನ್ನು ಯಾವುದರಿಂದ ಮಾಡಲಿ? ಪ್ಲೈವುಡ್ ಬಾಗುತ್ತದೆ ಎನ್ನುತ್ತಾರೆ.

ಒಂದೇ ಪದರದ 18 ಮಿಮೀ ಹಾಳೆ ರೂಟರಿನ ಭಾರಕ್ಕೆ ಬಾಗುವುದು ನಿಜ. ಎರಡು ಪದರ ಅಂಟಿಸಿ 36 ಮಿಮೀ ಮಾಡಿ, ಕೆಳಗೆ ನಿಲುವಾಗಿ ಎರಡು ಗಟ್ಟಿಮರದ ಪಟ್ಟಿ ಕೊಟ್ಟರೆ ಬಾಗುವುದಿಲ್ಲ. ಪ್ಲೈವುಡ್ ಆಗಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಲಿ, ಲ್ಯಾಮಿನೇಟನ್ನು ಮೇಲೆ ಕೆಳಗೆ ಎರಡೂ ಕಡೆ ಅಂಟಿಸಬೇಕು. ಮೇಲೆ ಮಾತ್ರ ಅಂಟಿಸಿದರೆ ಕೆಳಗಿನ ಮುಖ ಗಾಳಿಯ ತೇವವನ್ನು ಹೀರಿ ಬಿಡುತ್ತಾ, ಹಲಗೆ ತೊಟ್ಟಿಲಿನಂತೆ ಕುಳಿ ಬೀಳುತ್ತದೆ. ಕೊರೆದ ತೂತಿನ ಅಂಚಿಗೂ ವಾರ್ನಿಷ್ ಬಳಿಯಿರಿ. ಎಂಡಿಎಫ್ ಉಬ್ಬುವುದು ಅಲ್ಲಿಂದಲೇ. ರೂಟರಿಗೆಂದೇ ಎರಕ ಹೊಯ್ದ ಬೀಡುಕಬ್ಬಿಣದ ರೆಕ್ಕೆಗಳೂ ಸಿಗುತ್ತವೆ. ಅವು ಭಾರ, ಆದರೆ ಮಟ್ಟ ತಪ್ಪುವುದಿಲ್ಲ.

ಪ್ಲೇಟಿನ ಅಳತೆ ಎಷ್ಟು? ತೂತನ್ನು ಎಲ್ಲಿ ಕೊರೆಯಲಿ?

ಹೆಚ್ಚಾಗಿ ಬಳಕೆಯಲ್ಲಿರುವ ಪ್ಲೇಟಿನ ಅಳತೆ 9¼ × 11¾ ಇಂಚು, ಅಂದರೆ ಸುಮಾರು 235 × 298 ಮಿಮೀ. ದಪ್ಪ ಬಹುತೇಕ 9.5 ಮಿಮೀ. ತೆಳುವಾದ ಪ್ಲಾಸ್ಟಿಕ್ ಪ್ಲೇಟ್ ಕಾಲಕ್ರಮೇಣ ನಡುವೆ ಜೋತುಬೀಳುತ್ತದೆ, ಅಲ್ಯೂಮಿನಿಯಂ ಆರಿಸಿ. ಪ್ಲೇಟಿನ ಸುತ್ತ ರೆಕ್ಕೆಯ ಮರ ಕನಿಷ್ಠ 40 ಮಿಮೀ ಉಳಿಯಬೇಕು. ಗರಗಸದೊಂದಿಗೆ ಬಂದ ಕಿರಿದಾದ ತಗಡಿನ ರೆಕ್ಕೆಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ಅದನ್ನು ಕಳಚಿ ಅಗಲವಾದದ್ದನ್ನು ಹಾಕಬೇಕಾಗುತ್ತದೆ.

ತೂತಿನ ಜಾಗವನ್ನು ಮೇಲಿನಿಂದ ನೋಡಿ ತೀರ್ಮಾನಿಸಬೇಡಿ. ನಾನು ಮೊದಲ ರೆಕ್ಕೆಯಲ್ಲಿ ಹಾಗೆ ಮಾಡಿದೆ. ಮಧ್ಯದಲ್ಲಿ, ನೋಡಲು ಚೆಂದವಾಗಿ ಕೊರೆದೆ. ಎರಡು ತಿಂಗಳಾದ ಮೇಲೆ ಬ್ಲೇಡನ್ನು 45 ಡಿಗ್ರಿಗೆ ವಾಲಿಸಲು ಹೋದಾಗ ಗರಗಸದ ಮೋಟಾರ್ ಬಂದು ರೂಟರಿನ ಹಿಡಿಗೆ ತಗುಲಿ ನಿಂತಿತು. ರೆಕ್ಕೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ರೂಟರಿನ ಹಿಡಿಗಳೂ ಸೇರಿದಂತೆ ಅದರ ಪೂರ್ತಿ ಅಗಲಕ್ಕೆ, ಪೂರ್ತಿ ಉದ್ದಕ್ಕೆ ಒಂದು ರಟ್ಟಿನ ಡಬ್ಬ ಮಾಡಿ ರೆಕ್ಕೆಯ ಕೆಳಗೆ ಅಂಟಿಸಿ. ಬ್ಲೇಡನ್ನು ಪೂರ್ತಿ ಏರಿಸಿ, ಪೂರ್ತಿ ಇಳಿಸಿ, ಪೂರ್ತಿ ವಾಲಿಸಿ ನೋಡಿ. ಚಕ್ರ ತಿರುಗಿಸುವ ಕೈಗೆ, ಹೊಟ್ಟಿನ ಕೊಳವೆಗೆ, ರೈಲಿನ ಬೋಲ್ಟ್‌ಗಳಿಗೆ ಡಬ್ಬ ಅಡ್ಡ ಬರುತ್ತದೆಯೇ ನೋಡಿ. ಆಮೇಲೆ ಗೆರೆ ಎಳೆಯಿರಿ.

ಪ್ಲೇಟ್ ಕೂರುವ ಮೆಟ್ಟಿಲನ್ನು ಅಚ್ಚುಕಟ್ಟಾಗಿ ಕೊರೆಯುವುದು ಹೇಗೆ?

ಪ್ಲೇಟನ್ನು ಮೇಲಿಟ್ಟು, ಸುತ್ತ ನಾಲ್ಕು ನೇರ ಪಟ್ಟಿಗಳನ್ನು ಅದಕ್ಕೆ ಒತ್ತಿಕೊಂಡಂತೆ ಎರಡು ಬದಿ ಅಂಟುವ ಟೇಪಿನಿಂದ ಹಿಡಿಸಿ. ಪ್ಲೇಟನ್ನು ತೆಗೆದರೆ ಉಳಿಯುವ ಚೌಕಟ್ಟೇ ನಿಮ್ಮ ಅಚ್ಚು. ದಂಡದ ಕಡೆ ಬೇರಿಂಗ್ ಇರುವ ಬಿಟ್ ಹಾಕಿ, ಬೇರಿಂಗ್ ಪಟ್ಟಿಗೆ ಒರಸುವಂತೆ ಸುತ್ತಲೂ ಕೊರೆಯಿರಿ. ಪ್ಲೇಟಿನ ಮೂಲೆಯ ತಿರುವಿಗೂ ಬಿಟ್‌ನ ವ್ಯಾಸಕ್ಕೂ ಹೊಂದಿಕೆ ಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಉಳಿ ಹಿಡಿದು ಕೆತ್ತಬೇಕಾಗುತ್ತದೆ. ಆಳ ಪ್ಲೇಟಿನ ದಪ್ಪಕ್ಕಿಂತ ಅರ್ಧ ಮಿಮೀ ಹೆಚ್ಚಿರಲಿ. ಮಟ್ಟದ ತಿರುಪುಗಳು ಪ್ಲೇಟನ್ನು ಅಷ್ಟು ಮೇಲೆತ್ತುತ್ತವೆ. ಈ ಕಾಲುವೆ ಮುಗಿದ ಮೇಲೆಯೇ ಒಳಗಿನ ಭಾಗವನ್ನು ಜಿಗ್‌ಸಾದಿಂದ ಕತ್ತರಿಸಿ, 15 ಮಿಮೀ ಮೆಟ್ಟಿಲು ಬಿಡಿ. ಮೊದಲೇ ಕತ್ತರಿಸಿದರೆ ರೂಟರ್ ಕೂರಲು ಮರವೇ ಇರುವುದಿಲ್ಲ.

ಎಲ್ಲವೂ ಒಂದೇ ಮಟ್ಟದಲ್ಲಿದೆ ಎಂದು ಹೇಗೆ ತಿಳಿಯುವುದು?

ರಸಮಟ್ಟ ಇದಕ್ಕೆ ಬೇಡ. ನೆಲಕ್ಕೆ ಸಮವಾಗಿದೆಯೇ ಎಂಬುದು ನಮ್ಮ ಪ್ರಶ್ನೆಯಲ್ಲ, ರೆಕ್ಕೆ ಗರಗಸದ ಮೇಜಿಗೆ ಸಮವಾಗಿದೆಯೇ ಎಂಬುದಷ್ಟೇ ಬೇಕು. ಉದ್ದನೆಯ ನೇರವಾದ ಉಕ್ಕಿನ ಪಟ್ಟಿಯನ್ನು ಬೀಡುಕಬ್ಬಿಣದ ಮೇಲಿಟ್ಟು ರೆಕ್ಕೆಯ ಮೇಲೆ ಚಾಚಿ, ಹಿಂದೆ ಟಾರ್ಚ್ ಹಿಡಿದು ಸಂದಿಯಲ್ಲಿ ಬೆಳಕು ನುಸುಳುತ್ತದೆಯೇ ನೋಡಿ. ಬೋಲ್ಟ್‌ಗಳನ್ನು ಅರೆಬಿಗಿಯಾಗಿ ಇಟ್ಟು, ಮರದ ತುಂಡಿನ ಮೇಲೆ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾ ಹೊಂದಿಸಿ. ಹೊರ ತುದಿ ಇಳಿದಿದ್ದರೆ ಜೋಡಣೆಯ ಕೆಳ ಅಂಚಿನಲ್ಲಿ, ಎದ್ದಿದ್ದರೆ ಮೇಲಂಚಿನಲ್ಲಿ ಕಾಗದದ ಇಲ್ಲವೇ ತಗಡಿನ ಪ್ಯಾಕಿಂಗ್ ಕೊಡಿ.

ಈ ಪರೀಕ್ಷೆಯನ್ನು ರೂಟರ್ ತೂಗುಹಾಕಿದ ಮೇಲೆ ಇನ್ನೊಮ್ಮೆ ಮಾಡಬೇಕು. ಭಾರ ಬಿದ್ದಾಗ ಮಟ್ಟ ಬದಲಾಗುತ್ತದೆ. ಪ್ಲೇಟ್ ಮೇಜಿಗಿಂತ ಕೂದಲೆಳೆಯಷ್ಟು ತಗ್ಗಿದ್ದರೂ ಹಲಗೆಯ ಮುಂದಿನ ತುದಿ ಅದರ ಆಚೆಯ ಅಂಚಿಗೆ ತಡೆದು ನಿಲ್ಲುತ್ತದೆ. ಉಗುರನ್ನು ಅಂಚಿನ ಮೇಲೆ ಎರಡೂ ದಿಕ್ಕಿಗೆ ಎಳೆದು ನೋಡಿ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ.

ಗರಗಸಕ್ಕೂ ರೂಟರಿಗೂ ಒಂದೇ ಸ್ವಿಚ್ ಸಾಕಲ್ಲವೇ?

ಸಾಲದು, ಮತ್ತು ಅಪಾಯ. ರೂಟರಿಗೆ ಅದರದೇ ಆದ, ಬೇರೆ ಬಣ್ಣದ, ಬೇರೆ ಆಕಾರದ ಸ್ವಿಚ್ ಇರಬೇಕು. ಎರಡೂ ಕೈಗಳು ಹಲಗೆಯ ಮೇಲಿರುವಾಗ ತೊಡೆಯಿಂದ ಒತ್ತಿ ನಿಲ್ಲಿಸಬಹುದಾದ ದೊಡ್ಡ ಕೆಂಪು ಗುಂಡಿ ಇರುವಂಥದ್ದು ಉತ್ತಮ. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗದ ಬಗೆಯದ್ದನ್ನೇ ಹಾಕಿ. ಸ್ವಿಚ್ಚನ್ನು ನೀವು ರೂಟರ್ ಕೆಲಸಕ್ಕೆ ನಿಲ್ಲುವ ಬದಿಯಲ್ಲಿ ಕೂರಿಸಿ. ಗರಗಸದ ಸ್ವಿಚ್ ಪಕ್ಕದಲ್ಲಿ ಬೇಡ.

ಬಿಟ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಆ ಹೊತ್ತು ಗರಗಸದ ಪ್ಲಗ್ಗನ್ನೂ ಕೀಳುವುದು ನನ್ನ ರೂಢಿ. ವಿದ್ಯುತ್ತಿನ ಹೊರೆಯ ಲೆಕ್ಕಕ್ಕೆ ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿ: 230 ವೋಲ್ಟ್‌ನಲ್ಲಿ 1500 ವ್ಯಾಟ್ ರೂಟರ್ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಹೊಟ್ಟು ಎಳೆಯುವ ಯಂತ್ರವೂ ಅದೇ ತಂತಿಯಲ್ಲಿದ್ದರೆ ಎರಡನ್ನೂ ಕೂಡಿಸಿ ನೋಡಿ.

## ಫೆನ್ಸ್ ಮತ್ತು ನೂಕುವ ದಿಕ್ಕು

ಗರಗಸದ ಫೆನ್ಸನ್ನೇ ರೂಟರಿಗೂ ಬಳಸಬಹುದೇ?

ಬಳಸಬಹುದು, ಅದಕ್ಕೆ ಮರದ ಒಂದು ಮುಖ ತೊಡಿಸಿ. ಬಿಟ್‌ನ ಒಂದು ಭಾಗ ಫೆನ್ಸಿನೊಳಗೆ ಅಡಗಬೇಕು. ಲೋಹದ ಫೆನ್ಸಿನಲ್ಲಿ ಅದಕ್ಕೆ ಜಾಗವಿಲ್ಲ. 18 ಮಿಮೀ ಪ್ಲೈವುಡ್‌ನಿಂದ 100 ಮಿಮೀ ಎತ್ತರದ, ಫೆನ್ಸಿನ ಮೇಲೆ ಟೋಪಿಯಂತೆ ಕೂರುವ ಪೆಟ್ಟಿಗೆ ಮಾಡಿ. ಬಿಟ್‌ಗೆ ನಡುವೆ ಗೂಡು, ಅದರ ಹಿಂದೆ ಹೊಟ್ಟು ಎಳೆಯುವ ಕೊಳವೆಗೆ ಬಾಯಿ. ಎದುರು ಮುಖವನ್ನು ಎರಡು ಭಾಗ ಮಾಡಿ ಸರಿಸುವಂತಿಟ್ಟರೆ ಪ್ರತಿ ಬಿಟ್‌ಗೂ ಸಂದಿಯನ್ನು ಕಿರಿದಾಗಿಸಬಹುದು. ಸಂದಿ ಅಗಲವಾದಷ್ಟೂ ಹಲಗೆಯ ತುದಿ ಅದರೊಳಗೆ ಮುಗ್ಗರಿಸುತ್ತದೆ.

ಹಲವರು ಗಮನಿಸದ ಸಂಗತಿ ಇನ್ನೊಂದಿದೆ. ಬಹಳಷ್ಟು ಗರಗಸದ ಫೆನ್ಸುಗಳು ಮುಂದಿನ ರೈಲಿಗೆ ಮಾತ್ರ ಬಿಗಿಯುತ್ತವೆ, ಹಿಂದಿನ ತುದಿ ಸುಮ್ಮನೆ ಕೂತಿರುತ್ತದೆ. ಸೀಳುವಾಗ ಅದು ತೊಂದರೆ ಕೊಡುವುದಿಲ್ಲ. ರೂಟರಿನಲ್ಲಿ ಹಲಗೆಯನ್ನು ಪಕ್ಕಕ್ಕೆ ಒತ್ತುತ್ತೇವೆ, ಆಗ ಆ ತುದಿ ಅಲುಗಾಡಿ ಅಂಚಿನಲ್ಲಿ ಅಲೆ ಮೂಡುತ್ತದೆ. ಹಿಂದಿನ ತುದಿಗೆ ಒಂದು ಕ್ಲಾಂಪ್ ಹಾಕಲೇಬೇಕು.

ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿ ಇರಬೇಕೇ?

ಗರಗಸಕ್ಕೆ ಇರಲೇಬೇಕು, ರೂಟರಿಗೆ ಬೇಕಿಲ್ಲ. ಬಿಟ್ ದುಂಡಗಿದೆ, ಫೆನ್ಸ್ ಯಾವ ಕೋನದಲ್ಲಿದ್ದರೂ ಬಿಟ್‌ನ ಮಧ್ಯಕ್ಕೂ ಫೆನ್ಸಿಗೂ ಇರುವ ಅಂತರ ಒಂದೇ. ಇದನ್ನು ಬಳಸಿಕೊಂಡು ಸೂಕ್ಷ್ಮವಾಗಿ ಹೊಂದಿಸಲೂಬಹುದು. ರೂಟರಿಗೆಂದು ಬೇರೆ ಫೆನ್ಸ್ ಇದ್ದರೆ ಅದರ ಒಂದು ತುದಿಯನ್ನು ಬಿಗಿದು ಇನ್ನೊಂದನ್ನು 1 ಮಿಮೀ ಸರಿಸಿ: ನಡುವೆ ಇರುವ ಬಿಟ್‌ನ ಹತ್ತಿರ ಅಂತರ ಅರ್ಧ ಮಿಮೀ ಮಾತ್ರ ಬದಲಾಗುತ್ತದೆ. ಫೆನ್ಸನ್ನೂ ಮೇಜಿನ ತೋಡಿನಲ್ಲಿ ಓಡುವ ಕೋನಮಾಪಕವನ್ನೂ (ಹಲಗೆಯನ್ನು ಬೇಕಾದ ಕೋನದಲ್ಲಿ ಹಿಡಿದು ನೂಕುವ ಸಾಧನ) ಒಟ್ಟಿಗೆ ಬಳಸುವಾಗ ಮಾತ್ರ ಸಮಾನಾಂತರ ಬೇಕಾಗುತ್ತದೆ.

ಹಲಗೆಯನ್ನು ಯಾವ ಕಡೆಯಿಂದ ಯಾವ ಕಡೆಗೆ ನೂಕಬೇಕು? ಪ್ರತಿ ಸಲ ಗೊಂದಲವಾಗುತ್ತದೆ.

ಗೊಂದಲವಾಗುವುದು ಸಹಜ, ಏಕೆಂದರೆ ಗರಗಸದಲ್ಲಿ ಇರುವುದು ಒಂದೇ ದಿಕ್ಕು. ರೆಕ್ಕೆಯ ರೂಟರಿನಲ್ಲಿ ಫೆನ್ಸ್ ಎಲ್ಲಿದೆ ಎಂಬುದರ ಮೇಲೆ ದಿಕ್ಕು ತಿರುಗಿಬಿಡುತ್ತದೆ. ಒಂದೇ ನಿಯಮ ನೆನಪಿಡಿ: ಬಿಟ್ ನಿಮಗೂ ಫೆನ್ಸಿಗೂ ನಡುವೆ ಬರುವಂತೆ, ಫೆನ್ಸಿಗೆ ಮುಖ ಮಾಡಿ ನಿಲ್ಲಿ. ಹಲಗೆ ನಿಮ್ಮ ಬಲಗೈಯಿಂದ ಎಡಗೈ ಕಡೆಗೆ ಹೋಗಬೇಕು. ಫೆನ್ಸ್ ಯಾವ ಜಾಗದಲ್ಲಿದ್ದರೂ ಇದು ಬದಲಾಗುವುದಿಲ್ಲ.

ಕಾರಣ ಇಷ್ಟು. ತಲೆಕೆಳಗಾದ ರೂಟರಿನ ಬಿಟ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ನಿಮ್ಮ ಕಡೆಯ ಅಂಚು ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ಹಲಗೆ ಅದಕ್ಕೆ ಎದುರಾಗಿ ಬಂದಾಗ ಬಿಟ್ ಅದನ್ನು ತಡೆಯುತ್ತದೆ, ಜೊತೆಗೆ ಫೆನ್ಸಿನ ಕಡೆ ಒತ್ತುತ್ತದೆ. ಎಡದಿಂದ ಬಲಕ್ಕೆ ನೂಕಿದರೆ ಬಿಟ್ ಚಕ್ರದಂತೆ ಹಲಗೆಯನ್ನು ಎಳೆದುಕೊಂಡು ಹೋಗುತ್ತದೆ, ಹಿಂದೆ ಹಿಡಿದಿದ್ದ ಕೈ ಬಿಟ್ ಇರುವ ಕಡೆಗೆ ಜಾರುತ್ತದೆ. ಸೀಸದಕಡ್ಡಿಯಿಂದಲ್ಲ, ಬಣ್ಣದಿಂದ ಒಂದು ದೊಡ್ಡ ಬಾಣವನ್ನು ಫೆನ್ಸಿನ ಮರದ ಮುಖದ ಮೇಲೆ ಬರೆದಿಡಿ.

ಫೆನ್ಸಿಗೂ ಬಿಟ್‌ಗೂ ನಡುವೆ ಹಲಗೆ ತೂರಿಸಿ ಒಂದೇ ಅಗಲದ ಪಟ್ಟಿ ಮಾಡಬಹುದೇ?

ಖಂಡಿತ ಕೂಡದು. ಗರಗಸದಲ್ಲಿ ಸೀಳಿ ಅಭ್ಯಾಸವಾದವರಿಗೆ ಇದು ಸಹಜವೆಂದು ತೋರುತ್ತದೆ, ಅದಕ್ಕೇ ಈ ಜೋಡಣೆಯಲ್ಲಿ ಈ ತಪ್ಪು ಹೆಚ್ಚು. ಆಗ ಹಲಗೆಗೆ ತಗಲುವುದು ಬಿಟ್‌ನ ಆಚೆಯ ಬದಿ, ಅದು ಬಲದಿಂದ ಎಡಕ್ಕೆ ಓಡುತ್ತಿರುತ್ತದೆ. ಪಟ್ಟಿ ಕೈಯಿಂದ ಕಿತ್ತುಕೊಂಡು ಬಾಣದಂತೆ ಹಾರುತ್ತದೆ. ಅಗಲ ಸರಿಮಾಡಲು ಗರಗಸ ಪಕ್ಕದಲ್ಲೇ ಇದೆ, ಅದನ್ನು ಬಳಸಿ.

## ದಿನನಿತ್ಯದ ಬಳಕೆ

ಬಿಟ್ ಎಷ್ಟು ವೇಗದಲ್ಲಿ ತಿರುಗಬೇಕು?

25 ಮಿಮೀ ವ್ಯಾಸದ ಬಿಟ್ ನಿಮಿಷಕ್ಕೆ 24,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 31 ಮೀಟರ್ ಓಡುತ್ತದೆ. ಅದೇ ವೇಗದಲ್ಲಿ 89 ಮಿಮೀ ಬಿಟ್‌ನ ಅಂಚು ಸೆಕೆಂಡಿಗೆ 112 ಮೀಟರ್, ಅಂದರೆ ಗಂಟೆಗೆ 400 ಕಿಲೋಮೀಟರ್! ಆದ್ದರಿಂದ ವ್ಯಾಸ ಹೆಚ್ಚಿದಂತೆ ಸುತ್ತು ಇಳಿಸಲೇಬೇಕು. 25 ಮಿಮೀ ತನಕ 24,000 ಮೀರದಂತೆ, 50 ಮಿಮೀ ತನಕ 18,000, 63 ಮಿಮೀ ತನಕ 16,000, ಅದಕ್ಕೂ ದೊಡ್ಡದಕ್ಕೆ 12,000 ಅಥವಾ ಕಡಿಮೆ. ಬಿಟ್‌ನ ದಂಡದ ಮೇಲೆ ಮಿತಿ ಬರೆದಿದ್ದರೆ ಅದೇ ಕಡೆಯ ಮಾತು. ಮರ ಸುಟ್ಟು ಕಪ್ಪಾಗುತ್ತಿದ್ದರೆ ವೇಗ ಹೆಚ್ಚಾಯಿತು, ಅಥವಾ ನೂಕುವುದು ನಿಧಾನವಾಯಿತು, ಇಲ್ಲವೇ ಬಿಟ್ ಮೊಂಡಾಗಿದೆ.

ಕೆಲಸದ ನಡುವೆ ಬಿಟ್ ತಾನಾಗಿ ಮೇಲೇರುತ್ತದೆ. ಏಕೆ?

ಕಾಲೆಟ್ ಹಿಡಿತ ಬಿಟ್ಟಿದೆ. ಬಿಟ್‌ ಅನ್ನು ತಳ ಮುಟ್ಟುವಂತೆ ತೂರಿಸಿ ಬಿಗಿದರೆ, ಬಿಗಿಯುವಾಗ ಕಾಲೆಟ್ ಕೆಳಗೆ ಸರಿಯಲಾಗದೆ ಸರಿಯಾಗಿ ಕಚ್ಚುವುದಿಲ್ಲ. ತಳ ಮುಟ್ಟಿಸಿ, ಆಮೇಲೆ 2–3 ಮಿಮೀ ಮೇಲೆತ್ತಿ ಬಿಗಿಯಿರಿ. ತಲೆಕೆಳಗಾದ ರೂಟರಿನ ಕಾಲೆಟ್ ಒಳಗೆ ಹೊಟ್ಟು ನೇರವಾಗಿ ಬೀಳುತ್ತದೆ, ಪ್ರತಿ ಸಲ ಊದಿ, ಒರೆಸಿ. ದಂಡದ ಮೇಲೆ ಗೀರು ಬಿದ್ದಿದ್ದರೆ ಉಜ್ಜುಕಾಗದದಿಂದ ನಯಮಾಡಿ. ಅಷ್ಟಾದರೂ ಜಾರಿದರೆ ಕಾಲೆಟ್ ಸವೆದಿದೆ, ಹೊಸದನ್ನು ಹಾಕಿ.

ಹೊಟ್ಟು ಎಲ್ಲೆಡೆ ಹಾರುತ್ತದೆ. ರೂಟರ್ ಸುತ್ತ ಪೆಟ್ಟಿಗೆ ಕಟ್ಟಲೇ?

ಕಟ್ಟಿ, ಆದರೆ ಗಾಳಿ ಒಳಬರಲು ತೂತು ಬಿಡಿ. ರೂಟರ್ ತನ್ನನ್ನು ತಂಪಾಗಿಸಿಕೊಳ್ಳುವುದೇ ಗಾಳಿಯಿಂದ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತನ್ನದೇ ಬಿಸಿಗಾಳಿಯನ್ನೂ ಹೊಟ್ಟನ್ನೂ ಮತ್ತೆ ಮತ್ತೆ ನುಂಗಿ ಸುಟ್ಟುಹೋಗುತ್ತದೆ. ಅಂಚಿನ ಕೆಲಸದಲ್ಲಿ ಹೊಟ್ಟು ಫೆನ್ಸಿನ ಬಾಯಿಗೇ ಹೆಚ್ಚು ಹೋಗುತ್ತದೆ, ಗ್ರೂವ್ ಕೊರೆಯುವಾಗ ಕೆಳಗೆ ಬೀಳುತ್ತದೆ. ಎರಡೂ ಕಡೆಗೆ ಕೊಳವೆ ಇರುವುದು ಒಳ್ಳೆಯದು.

ಬೆರಳು ತಗುಲಿದರೆ ಬ್ಲೇಡ್ ನಿಲ್ಲುವ ಗರಗಸ ನನ್ನದು. ರೂಟರಿಗೂ ಆ ರಕ್ಷಣೆ ಇರುತ್ತದೆಯೇ?

ಇಲ್ಲ. ಆ ವ್ಯವಸ್ಥೆ ಕಾಯುವುದು ಗರಗಸದ ಬ್ಲೇಡನ್ನು ಮಾತ್ರ. ಅದೇ ಮೇಜಿನ ಮೇಲೆ ಕೈಯಿಟ್ಟಿರುವಾಗ ಮನಸ್ಸು ಅದನ್ನು ಮರೆಯುತ್ತದೆ, ಅದೇ ಭಯ. ಒತ್ತುಹಲಗೆ ಬಳಸಿ, ಬಾಚಣಿಗೆಯಂಥ ಒತ್ತುಪಟ್ಟಿಯನ್ನು ಫೆನ್ಸಿಗೆ ಹಾಕಿ. ಗೇಣುದ್ದದ ತುಂಡನ್ನು ಕೈಯಲ್ಲಿ ಹಿಡಿದು ಬಿಟ್‌ಗೆ ಕೊಡಬೇಡಿ. ದೊಡ್ಡ ಹಲಗೆಯ ಅಂಚನ್ನು ರೂಟರಿನಲ್ಲಿ ತಿದ್ದಿ, ಆಮೇಲೆ ಗರಗಸದಲ್ಲಿ ಆ ತುಂಡನ್ನು ಸೀಳಿಕೊಳ್ಳಿ. ರೂಟರ್ ಕೆಲಸಕ್ಕೆಂದು ತೆಗೆದ ಬ್ಲೇಡಿನ ಕವಚ ಮತ್ತು ಸೀಳುಗತ್ತಿಯನ್ನು ಗರಗಸದ ಸ್ವಿಚ್ಚಿಗೇ ತೂಗುಹಾಕಿ. ಅದನ್ನು ತೆಗೆಯದೆ ಸ್ವಿಚ್ ಒತ್ತಲಾಗದು, ತೆಗೆದ ಮೇಲೆ ಮರಳಿ ಹಾಕುವುದು ನೆನಪಾಗುತ್ತದೆ.

## ಕೈ ಪಳಗಿದ ಮೇಲೆ

12 ಮಿಮೀ ಬಿಟ್‌ನಲ್ಲಿ 15 ಮಿಮೀ ಗ್ರೂವ್ ಕೊರೆಯುವಾಗ ಎರಡನೇ ಸಲ ಹಲಗೆ ಎಳೆದುಕೊಂಡು ಹೋಯಿತು. ಬಲದಿಂದ ಎಡಕ್ಕೇ ನೂಕಿದ್ದೆ.

ದಿಕ್ಕು ಸರಿ ಇತ್ತು, ಫೆನ್ಸ್ ಸರಿಸಿದ್ದು ತಪ್ಪು ಕಡೆಗೆ. ಮೊದಲ ಸಲ ಬಿಟ್ ಪೂರ್ತಿ ಮರದೊಳಗಿರುವಾಗ ಚಿಂತೆಯಿಲ್ಲ. ಎರಡನೇ ಸಲ ಅದು ಒಂದು ಗೋಡೆಯನ್ನು ಮಾತ್ರ ಕೊರೆಯುತ್ತದೆ. ಆ ಗೋಡೆ ಫೆನ್ಸಿನ ಕಡೆಯದಾದರೆ ಬಿಟ್‌ನ ಆಚೆಯ ಬದಿ ಕೆಲಸ ಮಾಡುತ್ತದೆ, ಹಲಗೆಯನ್ನು ಎಳೆಯುತ್ತದೆ. ಆದ್ದರಿಂದ ಮೊದಲು ಫೆನ್ಸಿಗೆ ಹತ್ತಿರದ ಗೋಡೆ ಎಲ್ಲಿ ಬೇಕೋ ಅಲ್ಲಿಗೆ ಹೊಂದಿಸಿ ಕೊರೆಯಿರಿ, ಆಮೇಲೆ ಫೆನ್ಸನ್ನು ಬಿಟ್‌ನಿಂದ 3 ಮಿಮೀ ದೂರ ಸರಿಸಿ. ಆಗ ಕೊರೆಯುವುದು ನಿಮ್ಮ ಕಡೆಯ ಗೋಡೆ, ಬಿಟ್ ಎದುರಾಗಿ ನಿಲ್ಲುತ್ತದೆ. ಗಟ್ಟಿಮರದಲ್ಲಿ ಆಳವನ್ನೂ ಒಂದು ಸಲಕ್ಕೆ 3 ಮಿಮೀ ಮೀರಿಸಬೇಡಿ.

ಹಲಗೆಯ ಅಂಚನ್ನು ಅಂಟಿಸಲು ಬರುವಷ್ಟು ನೇರವಾಗಿ ಇದರಲ್ಲೇ ಮಾಡಬಹುದೇ?

ಮಾಡಬಹುದು. ಹಲಗೆಯ ದಪ್ಪಕ್ಕಿಂತ ಉದ್ದವಿರುವ ನೇರ ಬಿಟ್ ಹಾಕಿ. ಹಲಗೆ ಹೊರಬರುವ ಕಡೆಯ, ಅಂದರೆ ನಿಮ್ಮ ಎಡಗೈ ಕಡೆಯ ಫೆನ್ಸ್ ಮುಖಕ್ಕೆ 1 ಮಿಮೀ ಲ್ಯಾಮಿನೇಟ್ ಪಟ್ಟಿ ಅಂಟಿಸಿ. ಬಿಟ್‌ನ ಅಲಗು ಆ ಮುಖಕ್ಕೆ ಸರಿಯಾಗಿ ಸಮವಾಗಿರುವಂತೆ ನೇರಪಟ್ಟಿ ಹಿಡಿದು ಹೊಂದಿಸಿ. ಬಲಗಡೆ 1 ಮಿಮೀ ಹಿಂದಿರುವುದರಿಂದ ಅಷ್ಟು ಮರ ಕತ್ತರಿಸುತ್ತದೆ, ಕತ್ತರಿಸಿದ ಅಂಚಿಗೆ ಎಡಗಡೆ ಆಸರೆ ಸಿಗುತ್ತದೆ. ಹಲಗೆಯ ಕೊನೆಯಲ್ಲಿ ಗುಳಿ ಬಿದ್ದರೆ ಎಡ ಮುಖ ಬಿಟ್‌ಗಿಂತ ಹಿಂದಿದೆ. ಹಲಗೆ ಎಡ ಮುಖಕ್ಕೆ ತಡೆದು ನಿಂತರೆ ಅದು ಮುಂದಿದೆ. ಫೆನ್ಸಿನ ಎರಡರಷ್ಟು ಉದ್ದದ ತನಕ ಚೆನ್ನಾಗಿ ಬರುತ್ತದೆ, ಅದಕ್ಕೂ ಉದ್ದದ ಹಲಗೆಗೆ ಭರವಸೆ ಕೊಡಲಾರೆ.

ಬಾಗಿಲಿನ ಅಡ್ಡಪಟ್ಟಿಯ ತುದಿಯಲ್ಲಿ ಮರ ಸಿಬಿರು ಏಳುತ್ತದೆ.

ಎಳೆಗೆ ಅಡ್ಡವಾಗಿ ಬಿಟ್ ಹೊರಬರುವಾಗ ಕೊನೆಯ ಎಳೆಗಳಿಗೆ ಹಿಂದೆ ಆಸರೆ ಇರುವುದಿಲ್ಲ. ಒಂದು ಚೌಕ ಹಲಗೆಯನ್ನು ಪಟ್ಟಿಯ ಹಿಂದಿಟ್ಟು ಎರಡನ್ನೂ ಒಟ್ಟಿಗೆ ನೂಕಿ. ಸಿಬಿರು ಏಳುವುದಾದರೆ ಅದರಲ್ಲಿ ಏಳಲಿ. ಗರಗಸದ ಕೋನಮಾಪಕದ ತೋಡು ಬಿಟ್‌ನಿಂದ ದೂರವಿರುವುದರಿಂದ ಇಲ್ಲಿ ಅದನ್ನು ನೆಚ್ಚಬೇಡಿ, ಚೌಕ ಹಲಗೆ ಫೆನ್ಸಿಗೇ ಒರಗಿ ಸಾಗಲಿ. ನಾಲ್ಕೂ ಬದಿ ತಿದ್ದಬೇಕಾದ ಹಲಗೆಯಾದರೆ ಮೊದಲು ಎಳೆಗೆ ಅಡ್ಡದ ಎರಡು ಬದಿ, ಆಮೇಲೆ ಉದ್ದದ ಎರಡು. ಅಡ್ಡದಲ್ಲಿ ಎದ್ದ ಸಿಬಿರು ಉದ್ದದಲ್ಲಿ ಕತ್ತರಿಸಿ ಹೋಗುತ್ತದೆ.

ಉಬ್ಬುಫಲಕದ ಬಾಗಿಲು ಮಾಡುವ ದೊಡ್ಡ ಬಿಟ್ ಈ ಜೋಡಣೆಯಲ್ಲಿ ಹಾಕಬಹುದೇ?

ರೂಟರ್ ಶಕ್ತವಾಗಿದ್ದರೆ, ಪ್ಲೇಟಿನ ಬಾಯಿ 89 ಮಿಮೀ ಬಿಟ್‌ಗೆ ಸಾಕಷ್ಟು ಅಗಲವಿದ್ದರೆ ಹಾಕಬಹುದು. ಬಾಯಿಯ ಉಂಗುರ ತೆಗೆದು, ಬಿಟ್‌ ಅನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಗಲುವುದಿಲ್ಲವೆಂದು ನೋಡಿದ ಮೇಲೆಯೇ ಪ್ಲಗ್ ಹಾಕಿ. ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಏರಿಸುತ್ತಾ ಕೊರೆದು, ಕೊನೆಯ ಸಲ ಅರ್ಧ ಮಿಮೀ ಮಾತ್ರ ಉಳಿಸಿಕೊಳ್ಳಿ. ಏರಿಸುವಾಗ ಬೇಕಾದ ಎತ್ತರವನ್ನು ಕೆಳಗಿನಿಂದ ಸಮೀಪಿಸಿ. ದಾಟಿದರೆ ಚೆನ್ನಾಗಿ ಕೆಳಗಿಳಿಸಿ ಮತ್ತೆ ಏರಿಸಿ, ಇಲ್ಲದಿದ್ದರೆ ತಿರುಪಿನ ಸಡಿಲ ಉಳಿದು ಕೆಲಸದ ನಡುವೆ ಬಿಟ್ ಕುಸಿಯುತ್ತದೆ. 89 ಮಿಮೀ ಬಿಟ್‌ನ ಹೊರೆ ಹೊರಲಾರದ ರೂಟರಿಗೆ ನಿಲುವು ಮಾದರಿಯ ಬಿಟ್ ಸಿಗುತ್ತದೆ. ಅದರ ವ್ಯಾಸ ಕಡಿಮೆ, ಫಲಕವನ್ನು ಫೆನ್ಸಿಗೆ ಒರಗಿಸಿ ನಿಲ್ಲಿಸಿ ನೂಕಬೇಕು. ಅದಕ್ಕೆ 100 ಮಿಮೀ ಎತ್ತರದ ಫೆನ್ಸ್ ಸಾಲದು, 200 ಮಿಮೀ ಮಾಡಿಕೊಳ್ಳಿ, ಕೆಳ ಅಂಚನ್ನು ಫೆನ್ಸಿಗೆ ಒತ್ತುವ ಬಾಚಣಿಗೆ ಪಟ್ಟಿಯನ್ನು ಮೇಜಿಗೆ ಬಿಗಿಯಿರಿ.